ಮೊದಲು ಸುತ್ತಿಗೆ ಕೆಳಗಿಡು

ಕೋಗಿಲು ಕ್ರಾಸಿನಿಂದ ನೀನು ಏದುಸಿರು ಬಿಡುತ್ತಾ ಬಂದು ಮೇಜಿನ ಮೇಲೆ ಆಟದ ರೈಲಿನ ಎಂಜಿನ್ ಇಟ್ಟೆ. "ತಾತ, ಇದಕ್ಕೆ ಹೊಸ ಮೋಟರ್ ಹಾಕಿ ಡಿಜಿಟಲ್ ಮಾಡ್ಬೇಕು" ಅಂದೆ. ಇನ್ನೊಂದು ಕೈಯಲ್ಲಿ ಸುತ್ತಿಗೆ! ಅದನ್ನು ಕೆಳಗಿಟ್ಟು ಕೂತ್ಕೋ ಮಗಾ.

ಇದು ಹಳೇ ಟ್ರೈ-ಆಂಗ್ ಎಂಜಿನ್. ಹಳಿಯ ಅಗಲ 16.5 ಮಿಲಿಮೀಟರ್, ಒಳಗಿರೋದು ಎಕ್ಸ್‌04 ಮೋಟರ್. ನಿಮ್ಮಪ್ಪನಿಗಿಂತ ವಯಸ್ಸಾದದ್ದು. ಮುಗ್ಗರಿಸುತ್ತೆ ಅಂತ ಬಿಸಾಡಬೇಡ. ಕಮ್ಯುಟೇಟರಿನ ತಾಮ್ರದ ತುಂಡುಗಳ ಸಂದಿಯಲ್ಲಿ ಕರಿ ಪುಡಿ ಕೂತಿದೆಯಲ್ಲ, ಹಲ್ಲುಕಡ್ಡಿಯಿಂದ ಅದನ್ನು ಕೆರೆದು ತೆಗೆ. ಶಾಫ್ಟಿನ ಎರಡು ತುದಿಗೂ ಒಂದೊಂದು ಹನಿ ಎಣ್ಣೆ ಸಾಕು, ಕಮ್ಯುಟೇಟರಿಗೆ ಮಾತ್ರ ತಾಗಕೂಡದು. ಸತ್ತೇ ಹೋಯ್ತು ಅಂದುಕೊಂಡ ಎಷ್ಟೋ ಮೋಟರು ಇಷ್ಟಕ್ಕೇ ಎದ್ದು ಓಡಿವೆ.

ಅಷ್ಟಾದರೂ ಕಸುವು ಸಾಲದೇ? ಆಗ ಮ್ಯಾಗ್ನೆಟ್ ಕಡೆ ನೋಡು. ಹಳೇ ಮ್ಯಾಗ್ನೆಟ್ಟನ್ನು ಮೋಟರಿನಿಂದ ಹೊರಗೆಳೆದು, ಕಬ್ಬಿಣದ ತುಂಡು ಅಂಟಿಸದೆ ಹಾಗೇ ಇಟ್ಟರೆ ಅದರ ಶಕ್ತಿ ಇಳಿದುಹೋಗುತ್ತೆ. ಅದರ ಜಾಗಕ್ಕೆ ಚಿಕ್ಕ ನಿಯೋಡೈಮಿಯಂ ತುಂಡುಗಳನ್ನು ಕೂರಿಸಬಹುದು. ಎಳೆಯುವ ಬಲ ಹೆಚ್ಚುತ್ತೆ, ಕರೆಂಟು ಕಡಿಮೆ ಸಾಕಾಗುತ್ತೆ. ಆದರೆ ಓಟ ಮಾತ್ರ ಇಳಿಯುತ್ತೆ, ಆಮೇಲೆ ಬಂದು ನನ್ನ ಹತ್ತಿರ ದೂರಬೇಡ.

ಇನ್ನು ಡಿಜಿಟಲ್ ಮಾಡೋದಾದರೆ, ಬ್ರಷ್ಷುಗಳನ್ನು ಕಮ್ಯುಟೇಟರಿಗೆ ಒತ್ತಿ ಹಿಡಿಯುವ ಈ ಸ್ಪ್ರಿಂಗ್ ನೋಡು, ಕನ್ನಡಕ ಬೇಕಾದರೆ ನಂದೇ ತಗೋ. ಹೇರ್‌ಪಿನ್ ತರ ಬಾಗಿದ ಒಂದೇ ತಂತಿ, ಎರಡು ಕಾಲು. ಒಂದು ಕಾಲಿಗೆ ಪುಟ್ಟ ಸ್ಲೀವ್ ಇದೆ, ಇನ್ನೊಂದು ಬರಿಗಾಲು. ಆ ಬರಿಗಾಲಿನಿಂದಾಗಿ ಒಂದು ಬ್ರಷ್ ಚಾಸಿಗೆ ತಾಗಿಕೊಂಡಿದೆ, ಚಾಸಿಯ ಮೂಲಕ ಒಂದು ಹಳಿಗೂ. ಹಳೇ ಡಿಸಿ ಕಂಟ್ರೋಲರಿಗೆ ಇದರಿಂದ ತೊಂದರೆಯಿಲ್ಲ. ಡಿಜಿಟಲ್‌ನಲ್ಲಿ ಹಳಿಯ ಮೇಲೆ ಸದಾ ಕರೆಂಟು ಇರುತ್ತೆ, ಮೋಟರಿಗೆ ಅದನ್ನು ಅಳೆದು ಕೊಡೋದು ಎಂಜಿನ್ ಒಳಗಿನ ಡಿಕೋಡರ್. ಬ್ರಷ್ ಚಾಸಿಗೆ ತಾಗಿದ್ದರೆ ಹಳಿಯ ಕರೆಂಟು ನೇರ ಡಿಕೋಡರಿನ ಔಟ್‌ಪುಟ್ಟಿಗೇ ನುಗ್ಗುತ್ತೆ. ನನ್ನ ಮೊದಲ ಡಿಕೋಡರ್ ಹೋದದ್ದೇ ಹೀಗೆ. ಸಣ್ಣದೊಂದು ಹೊಗೆ ಎದ್ದು ಅಡುಗೆಮನೆವರೆಗೂ ವಾಸನೆ ಹೋಯ್ತು. "ಮತ್ತೆ ಏನು ಸುಟ್ರಿ?" ಅಂತ ಅಲ್ಲಿಂದ ನಿಮ್ಮಜ್ಜಿ. ಆ "ಮತ್ತೆ" ಇನ್ನೂ ಕಿವಿಯಲ್ಲಿದೆ. ಬರಿಗಾಲಿಗೂ ಒಂದು ಸ್ಲೀವ್ ತೊಡಿಸಿದ್ದರೆ ತಪ್ಪುತ್ತಿತ್ತು, ತೆಳು ವೈರಿನ ಸಿಪ್ಪೆಯೇ ಸಾಕು. ಆಮೇಲೆ ಎರಡು ಬ್ರಷ್ಷಿಗೂ ಬೇರೆಬೇರೆ ವೈರ್ ಬೆಸುಗೆ ಹಾಕಿ, ಮಲ್ಟಿಮೀಟರಿನಲ್ಲಿ ಬ್ರಷ್ಷಿಗೂ ಚಾಸಿಗೂ ನಂಟಿಲ್ಲ ಅಂತ ಖಾತ್ರಿ ಮಾಡಿಕೋ. ಬೀಪ್ ಅಂದರೆ ಮುಂದೆ ಹೋಗಬೇಡ.

ನಮ್ಮ ದೊಡ್ಡ ರೈಲುಗಳ ಹೊಸ ಎಂಜಿನ್‌ಗಳಿಗೆ ಈ ಬ್ರಷ್ಷಿನ ತಲೆನೋವಿಲ್ಲ ಬಿಡು. ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಬ್ರಷ್ ಇರುವ ಡಿಸಿ ಮೋಟರು ಇದ್ದವು. ಕೆ.ಆರ್. ಪುರಂ ಶೆಡ್ಡಿನ ಡಬ್ಲ್ಯುಡಿಪಿ-4ರಲ್ಲಿ ಮೂರು ಫೇಸಿನ ಎಸಿ ಮೋಟರು, ಬ್ರಷ್ಷಿನ ಮಾತೇ ಇಲ್ಲ.

ಡಿಕೋಡರ್ ಕೊಳ್ಳೋಕೆ ಮುಂಚೆ ಮೋಟರ್ ಎಷ್ಟು ಕುಡಿಯುತ್ತೆ ಅಂತ ಅಳೆ. 12 ವೋಲ್ಟ್ ಕೊಟ್ಟು, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಸಾಲಿನಲ್ಲಿ ಜೋಡಿಸಿ, ಶಾಫ್ಟನ್ನು ಒಂದೇ ಕ್ಷಣ ಹಿಡಿದು ನಿಲ್ಲಿಸು. ಆಗ ಕಾಣುವ ಅಂಕಿ ಡಿಕೋಡರಿನ ಮಿತಿಯೊಳಗಿರಬೇಕು. ಇಷ್ಟು ಮಾಡದೆ ಎಸ್.ಪಿ. ರೋಡಿನ ಅಂಗಡಿಗಳಿಗೆ ಓಡಬೇಡ.

ಕೊನೆಗೂ ಮೋಟರ್ ಬದಲಿಸಲೇಬೇಕು ಅನ್ನುವ ದಿನ ಬಂದರೆ, ಶಾಫ್ಟಿನ ವರ್ಮ್ ಗೇರನ್ನು ಬಡಿದು ಕೂರಿಸಬೇಡ. ಇಲ್ಲೇ ಯಲಹಂಕದಲ್ಲಿ 1984ರಿಂದ ಇರುವ ಗಾಲಿ ಕಾರ್ಖಾನೆ ನೋಡು. ಅಲ್ಲಿ ಗಾಲಿಯನ್ನು ಆಕ್ಸಲ್‌ಗೆ ಕೂರಿಸೋದು ಪ್ರೆಸ್ಸಿನಲ್ಲಿ ಒತ್ತಿ, ಎಷ್ಟು ಒತ್ತಡ ಬಿತ್ತು ಅಂತ ದಾಖಲಿಸಿ. ನಿನ್ನ ಬಟಾಣಿಯಷ್ಟು ಗೇರನ್ನೂ ವೈಸಿನಲ್ಲಿಟ್ಟು ಮೆಲ್ಲಗೆ ಒತ್ತು. ಸುತ್ತಿಗೆ ಬಿದ್ದರೆ ಶಾಫ್ಟ್ ಬಾಗುತ್ತೆ, ಬೇರಿಂಗ್ ಕೆಡುತ್ತೆ. ಗೇರುಗಳನ್ನು ಜೋಡಿಸುವಾಗ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟರ್ ಬಿಗಿದು, ಆಮೇಲೆ ಕಾಗದ ಎಳೆದುಬಿಡು. ಅಷ್ಟು ಸಡಿಲ ಇರಬೇಕು.

ಭಾನುವಾರ ಬೆಳಗ್ಗೆ ಬಾ. ಮೀಟರ್, ವೈಸ್ ನನ್ನ ಹತ್ತಿರ ಇದೆ. ಸ್ಲೀವಿಗೆ ತೆಳು ವೈರಿನ ತುಂಡು ನೀನು ತಾ.