ಭಾಗ್ಯದ ಬಿಸ್ಕತ್ತಿನ ತವರು

ಆಲೆಮನೆಗಳಲ್ಲಿ ಗಾಣ ತಿರುಗತೊಡಗಿದ ದಿನಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಹಲವು ಮನೆಗಳಲ್ಲಿ ತೊಡದೇವು ಎಂಬ ಸಿಹಿತಿನಿಸು ಸಿದ್ಧವಾಗುತ್ತದೆ. ಘಟ್ಟದ ಮೇಲಿನ ಸಿರಸಿ, ಸಿದ್ಧಾಪುರಗಳಲ್ಲಿಯೂ ಘಟ್ಟದ ಕೆಳಗಿನ ಹೊನ್ನಾವರ, ಕುಮಟಾಗಳಲ್ಲಿಯೂ ಇದು ಪರಿಚಿತವೇ. ನುಣ್ಣಗೆ ಅರೆದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸುತ್ತಾರೆ. ಒಲೆಯ ಮೇಲೆ ಮಡಕೆಯನ್ನು ಬೋರಲಾಗಿಟ್ಟು, ಅದರ ಕಾದ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸಿಕ್ಕಿಸಿದ ಬಟ್ಟೆಯಿಂದ ಆ ಹಿಟ್ಟನ್ನು ತೊಡೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಕಾಗದದಷ್ಟು ತೆಳುವಾದ ಹಾಳೆ ಎದ್ದುಬರುತ್ತದೆ. ಬಿಸಿಯಾಗಿರುವಾಗ ಅದನ್ನು ಕರವಸ್ತ್ರದಂತೆ ಮಡಿಸಬಹುದು. ಆರಿದ ಮೇಲೆ ಮಡಿಸಹೋದರೆ ಚೂರುಚೂರಾಗುತ್ತದೆ.

ಒಂದೇ ವಸ್ತು ಒಮ್ಮೆ ಬಟ್ಟೆಯಂತೆಯೂ ಮರುನಿಮಿಷ ಗಾಜಿನಂತೆಯೂ ವರ್ತಿಸುವುದೇಕೆ? ಗಾಜಿನಂತೆ ಎಂಬುದು ಇಲ್ಲಿ ಬರಿಯ ಉಪಮೆಯಲ್ಲ. ಸಕ್ಕರೆಯ ಪಾಕವು ನಿಧಾನವಾಗಿ ಘನೀಭವಿಸಿದರೆ ಅದರ ಅಣುಗಳು ಕ್ರಮವಾಗಿ ಜೋಡಣೆಗೊಂಡು ಹರಳಾಗುತ್ತವೆ. ಕಲ್ಲುಸಕ್ಕರೆ ಉಂಟಾಗುವುದು ಹೀಗೆ. ಬೇಗನೆ ತಣಿದರೆ ಸಾಲುಗೂಡುವುದಕ್ಕೆ ಅಣುಗಳಿಗೆ ಅವಕಾಶವೇ ದೊರೆಯದೆ, ಅವು ಇದ್ದ ಅಸ್ತವ್ಯಸ್ತ ಸ್ಥಿತಿಯಲ್ಲಿಯೇ ಬಿಗಿದುನಿಲ್ಲುತ್ತವೆ. ಭೌತವಿಜ್ಞಾನಿಗಳು ಇದನ್ನು ಗಾಜಿನ ಸ್ಥಿತಿಯೆಂದೇ ಕರೆಯುತ್ತಾರೆ. ಒಣ ಸಕ್ಕರೆಯು ಈ ಸ್ಥಿತಿಗೆ ಬರುವುದು ಸುಮಾರು 60ರಿಂದ 70 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ಅದಕ್ಕಿಂತ ಬಿಸಿಯಿದ್ದರೆ ಬಾಗುತ್ತದೆ, ತಣ್ಣಗಾದರೆ ಒಡೆಯುತ್ತದೆ. ಆದರೆ ನೀರು ಸೇರಿದಂತೆಲ್ಲ ಈ ಗಡಿ ಕೆಳಗಿಳಿಯುತ್ತದೆ. ನೂರಕ್ಕೆ ನಾಲ್ಕೈದು ಪಾಲು ನೀರಿದ್ದರೆ ಸಾಕು, ಅದು ನಮ್ಮ ಕೋಣೆಯ ಉಷ್ಣತೆಯವರೆಗೂ ಇಳಿದುಬಿಡುತ್ತದೆ. ಭಟ್ಕಳ ತಾಲ್ಲೂಕಿನ ಮಾವಳ್ಳಿಯಂಥ ಕಡಲಂಚಿನ ಊರಿನಲ್ಲಿ ಮಳೆಗಾಲದ ದಿನ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಗರಿಗರಿಯಾದ ತೊಡದೇವು ಮೆತ್ತಗಾಗುವುದಕ್ಕೆ ಇದೇ ಮುಖ್ಯ ಕಾರಣ.

ಇದೇ ನಿಯಮವನ್ನು ನಂಬಿದ ಇನ್ನೊಂದು ತಿನಿಸು ಅಮೆರಿಕದಲ್ಲಿದೆ. ಅಲ್ಲಿಯ ಚೀನೀ ಹೋಟೆಲುಗಳಲ್ಲಿ ಊಟ ಮುಗಿದೊಡನೆ ‘ಫಾರ್ಚ್ಯೂನ್ ಕುಕೀ’, ಎಂದರೆ ಭಾಗ್ಯದ ಬಿಸ್ಕತ್ತು, ಎಂಬ ಟೊಳ್ಳು ಬಿಸ್ಕತ್ತನ್ನು ಕೊಡುತ್ತಾರೆ. ಒಡೆದರೆ ಒಳಗೆ ಒಂದು ಚೀಟಿ. ಅದರಲ್ಲಿ ಭವಿಷ್ಯವೋ ಹಿತವಚನವೋ ಅಚ್ಚಾಗಿರುತ್ತದೆ. ಹಿಟ್ಟು, ಸಕ್ಕರೆ, ಮೊಟ್ಟೆಯ ಬಿಳಿಭಾಗ, ಎಣ್ಣೆಗಳನ್ನು ಕಲಸಿ ದುಂಡಗೆ ತೆಳುವಾಗಿ ಸುಟ್ಟು, ಬಿಸಿಯಾಗಿರುವಾಗಲೇ ಚೀಟಿಯಿಟ್ಟು ಮಡಿಸಬೇಕು. ಮಡಿಸಲು ದೊರೆಯುವ ಕಾಲ ಕೆಲವೇ ಸೆಕೆಂಡುಗಳು.

ಇದು ಚೀನಾದೇಶದ್ದೆಂದು ಬಹುಮಂದಿ ನಂಬಿದ್ದಾರೆ. 14ನೆಯ ಶತಮಾನದಲ್ಲಿ ಮಂಗೋಲರ ವಿರುದ್ಧ ದಂಗೆಯೆದ್ದ ಚೀನೀಯರು ಭಕ್ಷ್ಯದೊಳಗೆ ಗುಪ್ತ ಸಂದೇಶಗಳನ್ನು ಅಡಗಿಸಿ ಕಳುಹಿಸಿದರೆಂಬ ಕಥೆಯನ್ನೂ ಇದಕ್ಕೆ ಅಂಟಿಸಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಚೀನಾದಲ್ಲಿ ಇಂಥ ಬಿಸ್ಕತ್ತನ್ನು ಹಂಚುವ ಪದ್ಧತಿಯೇ ಇಲ್ಲ. ಅಮೆರಿಕದೊಳಗೆ ಜಗಳ ಬೇರೆ. ಸಾನ್‌ಫ್ರಾನ್ಸಿಸ್ಕೋದವರು ತಮ್ಮ ಗೋಲ್ಡನ್ ಗೇಟ್ ಉದ್ಯಾನದ ಜಪಾನೀ ಚಹಾ ತೋಟವನ್ನು ನಡೆಸುತ್ತಿದ್ದ ಮಕೋಟೋ ಹಗಿವಾರ ಇದನ್ನು ಮೊದಲು ಹಂಚಿದನೆಂದರೆ, ಲಾಸ್ ಏಂಜಲೀಸಿನವರು 1918ರಲ್ಲಿ ತಮ್ಮೂರಿನ ಡೇವಿಡ್ ಜಂಗ್ ಎಂಬ ಚೀನೀ ವ್ಯಾಪಾರಿ ಇದನ್ನು ಹುಟ್ಟಿಸಿದನೆಂದರು. 1983ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಅಣಕು ನ್ಯಾಯಾಲಯವೇ ಇದರ ವಿಚಾರಣೆ ನಡೆಸಿತು. ಲಾಸ್ ಏಂಜಲೀಸಿನ ಪರ ತೀರ್ಪು ಕೊಡುವ ನ್ಯಾಯಾಧೀಶನು ಜಾಣನಲ್ಲ ಎಂಬ ಚೀಟಿಯುಳ್ಳ ಬಿಸ್ಕತ್ತೊಂದನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ್ದರು! ತೀರ್ಪು ಯಾರ ಪರವಾಯಿತೆಂದು ಹೇಳಬೇಕಾಗಿಲ್ಲ. ಆದರೆ ಅದೇ ಸಭೆಯಲ್ಲಿ ದುಂಡನೆಯ ಕಪ್ಪು ಕಬ್ಬಿಣದ ಅಚ್ಚುಗಳನ್ನೂ ತೋರಿಸಲಾಯಿತು. ನನ್ನ ಎಣಿಕೆಯಲ್ಲಿ ಅಲ್ಲಿದ್ದ ನಿಜವಾದ ಸಾಕ್ಷಿಯೆಂದರೆ ಆ ಅಚ್ಚುಗಳೇ.

ಏಕೆಂದರೆ ಅಂಥವೇ ಅಚ್ಚುಗಳು ಜಪಾನಿನಲ್ಲಿವೆ. ಯಸುಕೋ ನಕಮಚಿ ಎಂಬ ಜಪಾನೀ ಸಂಶೋಧಕಿ 1980ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಈ ಬಿಸ್ಕತ್ತನ್ನು ಕಂಡಿದ್ದಳು. ಮುಂದೆ ಕಿಯೋಟೋ ನಗರದ ಫುಶಿಮಿ ಇನಾರಿ ದೇವಾಲಯದ ಬಳಿಯ ಅಂಗಡಿಯಲ್ಲಿ ಅದೇ ಆಕಾರದ ತಿನಿಸನ್ನು, ಉದ್ದ ಹಿಡಿಯ ಅಚ್ಚುಗಳಲ್ಲಿ ಸುಟ್ಟು ಕೈಯಿಂದ ಮಡಿಸುತ್ತಿದ್ದುದನ್ನು, ನೋಡಿ ಬೆರಗಾದಳು. ಅದರ ಹೆಸರು ‘ತ್ಸುಜಿಉರಾ ಸೆಂಬೇ’. ಸೆಂಬೇ ಎಂದರೆ ಗರಿಗರಿಯಾದ ಹಪ್ಪಳದಂಥ ತಿನಿಸು; ತ್ಸುಜಿಉರಾ ಎಂದರೆ ದಾರಿಗಳು ಕೂಡುವಲ್ಲಿ ನಿಂತು ದಾರಿಹೋಕರ ಮಾತಿನಿಂದ ಶಕುನ ತಿಳಿಯುವ ಹಳೆಯ ಪದ್ಧತಿ. ಇದು ಅಮೆರಿಕದ ಬಿಸ್ಕತ್ತಿಗಿಂತ ದೊಡ್ಡದು, ಕಂದುಬಣ್ಣದ್ದು. ಎಳ್ಳು ಮತ್ತು ‘ಮಿಸೋ’ ಎಂಬ ಹುದುಗಿಸಿದ ಸೋಯಾ ಅವರೆಯ ಮುದ್ದೆಯಿಂದ ರುಚಿ ಪಡೆದದ್ದು. ಚೀಟಿ ಟೊಳ್ಳಿನೊಳಗಿರದೆ ಹೊರಮಡಿಕೆಯಲ್ಲಿ ಸಿಕ್ಕಿಸಿರುತ್ತದೆ. ನಕಮಚಿ ಹಳೆಯ ಪುಸ್ತಕಗಳನ್ನು ಶೋಧಿಸಿ, 1878ರ ಒಂದು ಗ್ರಂಥದಲ್ಲಿ ಒಬ್ಬನು ಕೆಂಡದ ಮೇಲೆ ಅಚ್ಚುಗಳನ್ನಿಟ್ಟು ಇದನ್ನು ಸುಡುತ್ತಿರುವ ಚಿತ್ರವನ್ನು ಪತ್ತೆಮಾಡಿದಳು. ಕ್ಯಾಲಿಫೋರ್ನಿಯದ ಯಾವ ಹಕ್ಕುದಾರನೂ ಇಷ್ಟು ಹಿಂದಿನ ಕಾಲದವನಲ್ಲ.

ಹಾಗಾದರೆ ಜಪಾನಿನ ತಿನಿಸು ಚೀನೀಯರದೆಂದು ಹೆಸರಾದುದು ಹೇಗೆ? 20ನೆಯ ಶತಮಾನದ ಆದಿಯಲ್ಲಿ ಕ್ಯಾಲಿಫೋರ್ನಿಯದ ಜಪಾನೀ ವಲಸೆಗಾರರು ಅದನ್ನು ತಯಾರಿಸುತ್ತಿದ್ದರು. ಅವರಲ್ಲಿ ಕೆಲವರು ಚೀನೀ ಊಟದ ಹೋಟೆಲುಗಳನ್ನೂ ನಡೆಸುತ್ತಿದ್ದುದರಿಂದ ಬಿಸ್ಕತ್ತು ಅಲ್ಲಿಗೂ ಹೊಕ್ಕಿತು. ಅನಂತರ ಯುದ್ಧ ಬಂತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆಜ್ಞೆಯ ಮೇರೆಗೆ ಸುಮಾರು 1,20,000 ಜಪಾನೀ ಮೂಲದ ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರು. ಬೇಕರಿಗಳು ಮುಚ್ಚಿದವು, ಮಡಿಸುವ ಕೈಗಳು ಮುಳ್ಳುತಂತಿಯ ಒಳಗಾದವು. ಬಿಸ್ಕತ್ತನ್ನು ಕೇಳುವವರು ಮಾತ್ರ ಕಡಿಮೆಯಾಗಲಿಲ್ಲ. ತೆರವಾದ ಆ ವ್ಯಾಪಾರವನ್ನು ಚೀನೀ ತಯಾರಕರು ಹಿಡಿದರು. ಅವರನ್ನು ದೂರುವಂತಿಲ್ಲ, ಅಂಗಡಿ ಮುಚ್ಚಿಸಿದವರು ಅವರಲ್ಲ.

ಹಗಿವಾರ 1925ರಲ್ಲಿಯೇ ತೀರಿಕೊಂಡಿದ್ದನು. ಆತನ ಕುಟುಂಬವನ್ನೂ 1942ರಲ್ಲಿ ಚಹಾ ತೋಟದಿಂದ ಹೊರಹಾಕಿ, ತೋಟದ ಹೆಸರಿನಿಂದ ಜಪಾನೀ ಎಂಬ ಪದವನ್ನು ಅಳಿಸಿದರು. ಆ ಹೆಸರು ಮರಳಿ ಬಂದದ್ದು 1952ರಲ್ಲಿ. ಬಿಸ್ಕತ್ತು ಅಷ್ಟರಲ್ಲಿ ಚೀನೀ ಹೋಟೆಲುಗಳ ಸೊತ್ತಾಗಿಹೋಗಿತ್ತು.