ಕ್ಲಾಸು ವಾರಕ್ಕೆರಡು, ಕುಣಿತ ವಾರಕ್ಕೇಳು

ಹೋದ ಜೂನಿನಲ್ಲಿ ಲಕ್ಷ್ಮೇಶ್ವರದಿಂದ ತಾಯಿ-ಮಗಳು ಬಂದಿದ್ದರು. ಮಗಳು ಪಿಯುಸಿ ಮೊದಲ ವರ್ಷ. ಕಾಲ್ಬೆರಳ ತುದಿಯ ಮೇಲೆ ನಿಂತು ಗರಗರ ತಿರುಗುವ ಹುಡುಗಿಯ ವಿಡಿಯೋ ತೋರಿಸಿ, ‘ಇದನ್ನ ಕಲೀಬೇಕ್ರಿ ಮೇಡಂ, ವಾರದಾಗ ಎರಡ ದಿನ ಬರ್ತೀನಿ’ ಎಂದಳು. ತಾಯಿಯ ಪ್ರಶ್ನೆ ಬೇರೆ ಇತ್ತು: ‘ಇದರಿಂದ ಹೊಟ್ಟಿ ತುಂಬತೈತೇನ್ರಿ?’

ಇಬ್ಬರಿಗೂ ಚಹಾ ಕೊಟ್ಟೆ, ಉತ್ತರ ಕೊಡಲಿಲ್ಲ. ಗದಗ-ಬೆಟಗೇರಿಯ ಬಾಡಿಗೆ ಹಾಲಿನಲ್ಲಿ ಇಪ್ಪತ್ತು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದೇನೆ. ಐದಾರು ವರ್ಷದ ಮಕ್ಕಳಿಗೆ ಕಲಿಸುವುದು ಒಂದು ಬಗೆ. ಹದಿನಾರು ದಾಟಿ, ಕಾಲೇಜು ಬಿಡದೆ, ‘ಇದೇ ನನ್ನ ಬದುಕು’ ಎಂದು ಶಿರಹಟ್ಟಿ, ಮುಂಡರಗಿಯಿಂದ ಬಸ್ಸು ಹತ್ತಿ ಬರುವವರಿಗೆ ಕಲಿಸುವುದೇ ಬೇರೆ. ಅಂಥವರಿಂದ ನಾನು ಕಲಿತದ್ದು ಇಷ್ಟು.

1. ಯಾವ ‘ಬ್ಯಾಲೆ’ ಎಂದು ಮೊದಲು ಕೇಳಬೇಕು

ನಮ್ಮ ಕಡೆ ಬ್ಯಾಲೆ ಎಂದರೆ ಶಾಲೆಯ ಗ್ಯಾದರಿಂಗಿನಲ್ಲಿ ಮೂವತ್ತು ಮಕ್ಕಳು ಕೂಡಿ ಮಾಡುವ ನೃತ್ಯರೂಪಕ. ಆ ಹುಡುಗಿ ತೋರಿಸಿದ್ದು ಯುರೋಪಿನ ಬ್ಯಾಲೆ. ಅದನ್ನು ಎಂಟು-ಹತ್ತರ ವಯಸ್ಸಿಗೆ ಹಿಡಿದವರು ಹದಿನೆಂಟು-ಹತ್ತೊಂಬತ್ತಕ್ಕೆ ಕಂಪನಿ ಸೇರುತ್ತಾರೆ. ಬೆಂಗಳೂರು, ಮುಂಬಯಿಯಲ್ಲಿ ಕಲಿಸುವವರಿದ್ದಾರೆ, ಗದಗಿನಲ್ಲಿ ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ಮುಂಬಯಿಯ ಬಡ ಮನೆಗಳ ಇಬ್ಬರು ಹುಡುಗರು ಬ್ಯಾಲೆ ಕಲಿತ ಕಥೆ 2020ರಲ್ಲಿ ‘ಯೆಹ್ ಬ್ಯಾಲೆ’ ಎಂಬ ಸಿನಿಮಾ ಆಯಿತು. ಅವರ ಹಿಂದೆ ದಿನವೂ ನಿಂತು ತಿದ್ದುವ ಗುರು ಇದ್ದರು ಎಂಬುದನ್ನು ಮಕ್ಕಳು ಮರೆಯುತ್ತಾರೆ.

ಆದರೆ ಬ್ಯಾಲೆಯ ನಾಡಿಗೆ ಹೋಗಿ ಬರಲು ಬೆರಳ ತುದಿಯೊಂದೇ ದಾರಿಯಲ್ಲ. ಬೆಂಗಳೂರಿನ ಮಾಯಾ ರಾವ್ ಕಥಕ್ ಕಲಿತವರು. 1960ರ ದಶಕದ ಮೊದಲಲ್ಲಿ ಮಾಸ್ಕೋದಲ್ಲಿ ಕೊರಿಯೋಗ್ರಫಿ ಓದಿ ಬಂದು, 1964ರಲ್ಲಿ ದೆಹಲಿಯಲ್ಲಿ ಅದನ್ನು ಕಲಿಸುವ ಸಂಸ್ಥೆ ಕಟ್ಟಿದರು, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಗಟ್ಟಿಯಾಗಿ ಒಂದು ನೃತ್ಯ ಕಲಿತ ಮೈಗೆ ಇನ್ನೊಂದು ತಡವಾಗಿಯಾದರೂ ಒಗ್ಗುತ್ತದೆ. ಮೊದಲನೆಯದೇ ಇಲ್ಲದ ಮೈಗೆ ಕಷ್ಟ.

2. ಬಸ್ಸಿನ ವೇಳೆಯೇ ಪಠ್ಯಕ್ರಮ

ಮೊದಮೊದಲು ಸಂಜೆ ಆರೂವರೆಗೆ ಕ್ಲಾಸು ಇಟ್ಟಿದ್ದೆ. ಮುಂಡರಗಿಯ ಮಕ್ಕಳ ಕಣ್ಣು ಏಳಾಗುತ್ತಲೇ ಗಡಿಯಾರದ ಮೇಲೆ, ಕಾಲು ಮಾತ್ರ ನನ್ನ ತಟ್ಟುಮಣೆಯ ಹಿಂದೆ. ಈಗ ಹೊರಗಿನವರಿಗೆ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಟಿಕೆಟ್ ಖರ್ಚು ಹೋಯಿತು. ‘ಬಸ್ಸಿಗೆ ರೊಕ್ಕ ಎಲ್ಲಿಂದ’ ಎನ್ನುತ್ತಿದ್ದ ತಂದೆಯರ ಮಾತೂ ಹೋಯಿತು. ಹುಡುಗರಿಗೆ ಆ ಭಾಗ್ಯವಿಲ್ಲ, ಅದಕ್ಕೇ ಅವರ ಫೀಸು ಕಡಿಮೆ ಮಾಡಿದೆ.

ದೂರದ ಮಾತು ಬಂದಾಗ ಮಕ್ಕಳಿಗೆ ನಮ್ಮೂರ ಸುನಿಲ್ ಜೋಶಿಯವರ ಹೆಸರು ಹೇಳುತ್ತೇನೆ. ಗದಗಿನಿಂದ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ, ಕ್ರಿಕೆಟ್ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗ ಭಾರತಕ್ಕೆ ಆಡಿದರು. ಪಾರ್ಟ್ ಟೈಮ್ ಎಂದರೆ ಅದು.

3. ಎರಡು ಕ್ಲಾಸಿನ ನಡುವೆ ಐದು ದಿನ ಇರುತ್ತವೆ

ಲೆಕ್ಕ ಹಾಕಿ. ಒಂದೂವರೆ ತಾಸಿನ ಎರಡು ಕ್ಲಾಸು, ವಾರಕ್ಕೆ 3 ತಾಸು. ಪೂರ್ಣಾವಧಿ ನೃತ್ಯಶಾಲೆಯ ವಿದ್ಯಾರ್ಥಿನಿ ಅಷ್ಟನ್ನು ಒಂದೇ ದಿನದಲ್ಲಿ ಮುಗಿಸುತ್ತಾಳೆ. ಉಳಿದ ಐದು ದಿನ ಮನೆಯಲ್ಲಿ 45 ನಿಮಿಷದಂತೆ ಮಾಡಿದರೆ 3 ತಾಸು 45 ನಿಮಿಷ ಆಗುತ್ತದೆ, ಅಂದರೆ ನನ್ನ ಕ್ಲಾಸಿಗಿಂತ ಹೆಚ್ಚು. ಪಾರ್ಟ್ ಟೈಮ್ ಆಗಿರುವುದು ನನ್ನ ಪಾಠ. ಅವರ ಅಭ್ಯಾಸಕ್ಕೆ ಆ ಸೌಲಭ್ಯವಿಲ್ಲ.

ಅದಕ್ಕೆ ಎಲ್ಲರಿಗೂ ನೂರು ಪುಟದ ನೋಟ್‌ಬುಕ್ ಕೊಡಿಸುತ್ತೇನೆ. ದಿನಕ್ಕೆ ಮೂರು ಸಾಲು: ಏನು ಮಾಡಿದೆ, ಎಷ್ಟು ಹೊತ್ತು, ಎಲ್ಲಿ ನೋವು. ‘ತಟ್ಟಡವು ಎಂಟೂ, ಮೂರು ಕಾಲದಲ್ಲಿ, 20 ನಿಮಿಷ, ಎಡಗಾಲ ಮೀನಖಂಡ’ ಎಂದು ಬರೆದವಳಿಗೆ ಭಾನುವಾರ ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯುತ್ತದೆ. ‘ಅಭ್ಯಾಸ ಮಾಡಿದೆ’ ಎಂದಷ್ಟೇ ಬರೆದವಳು ಮಾಡಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಊಹೆ ತಪ್ಪಿದ್ದು ಬಹಳ ಕಡಿಮೆ.

4. ನೆಲ ನೋಡದೆ ಕಾಲು ಬೈಯಬಾರದು

ಇದು ನನ್ನ ತಪ್ಪಿನಿಂದ ಕಲಿತದ್ದು. ಮುಂಡರಗಿಯ ಒಬ್ಬ ಹುಡುಗ, ಹದಿನೇಳು ವರ್ಷ, ಹಟವಾದಿ. ಮೂರನೆಯ ತಿಂಗಳಿಗೆ ಅವನ ತಟ್ಟು ಸಪ್ಪಗಾಯಿತು. ‘ಮೈಗಳ್ಳ’ ಎಂದು ಎಲ್ಲರ ಎದುರು ಅಂದುಬಿಟ್ಟೆ. ಅವನು ಏನೂ ಅನ್ನಲಿಲ್ಲ, ಇನ್ನೂ ಜೋರಾಗಿ ತಟ್ಟಿದ. ಎರಡು ವಾರದ ಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ಕಂಡೆ. ಮೊಣಕಾಲ ಕೆಳಗಿನ ಮುಂದಿನ ಎಲುಬಿನ ಅಂಚನ್ನು ಬೆರಳಿಂದ ಒತ್ತಿದರೆ ಚೀರುತ್ತಿದ್ದ. ದಿನಾ ಎರಡು ತಾಸು ಸಿಮೆಂಟ್ ತಾರಸಿಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದನಂತೆ. ವೈದ್ಯರು ಆರು ವಾರ ವಿಶ್ರಾಂತಿ ಹೇಳಿದರು.

ಬ್ಯಾಲೆಯವರು ಮರದ ಹಲಗೆಯ ಕೆಳಗೆ ಪುಟಿಯುವ ಚೌಕಟ್ಟು ಕೂಡಿಸಿದ ನೆಲದ ಮೇಲೆ ನೆಗೆಯುತ್ತಾರೆ. ನಮ್ಮ ಹಿರಿಯರು ಸಾರಿಸಿದ ಮಣ್ಣಿನ ನೆಲದ ಮೇಲೆ ಕುಣಿದರು. ಕಾಲು ಕೊಟ್ಟ ಪೆಟ್ಟನ್ನು ಒಂದಿಷ್ಟು ನುಂಗುವ ನೆಲಗಳು ಅವು. ಸಿಮೆಂಟು, ಟೈಲ್ಸು, ಪರಸಿ ಏನನ್ನೂ ನುಂಗುವುದಿಲ್ಲ, ಪೆಟ್ಟನ್ನು ಎಲುಬಿಗೇ ವಾಪಸು ಕೊಡುತ್ತವೆ. ಹಳೆಯ ಮನೆಯ ಮಣ್ಣಿನ ಪಡಸಾಲೆ ಇದ್ದವರು ಪುಣ್ಯವಂತರು. ಇಲ್ಲದವರು ಪೂರ್ತಿ ತಟ್ಟುವುದು, ನೆಗೆಯುವುದನ್ನು ಕ್ಲಾಸಿಗೆ ಇಟ್ಟುಕೊಂಡು, ಮನೆಯಲ್ಲಿ ಅರೆಮಂಡಿ (ಮೊಣಕಾಲು ಹೊರಕ್ಕೆ ಬಾಗಿಸಿದ ಅರ್ಧ ಕೂತ ನಿಲುವು), ಕೈ, ಕಣ್ಣು, ತಾಳ ಮಾಡಲಿ.

ಅರೆಮಂಡಿಯದೂ ಒಂದು ಮಾತು. ಹದಿನಾರರ ಮೇಲೆ ಬಂದವರು ಚಿಕ್ಕವರಂತೆ ಕಾಣಲು ಪಾದವನ್ನಷ್ಟೇ ಹೊರಗೆ ತಿರುಗಿಸುತ್ತಾರೆ, ಮೊಣಕಾಲು ಒಳಗೇ ಉಳಿಯುತ್ತದೆ. ತಿರುಗಬೇಕಾದದ್ದು ತೊಡೆಯ ಬುಡ. ಬ್ಯಾಲೆಯಲ್ಲೂ ಇದೇ ನಿಯಮ. ತೊಡೆ ಎಷ್ಟು ತಿರುಗುತ್ತದೋ ಪಾದ ಅಷ್ಟೇ ತಿರುಗಲಿ. ಅರೆಮಂಡಿ ಕಿರಿದಾದರೆ ಕಿರಿದಾಗಲಿ, ಮೊಣಕಾಲು ಮುಪ್ಪಿನವರೆಗೆ ಬೇಕು.

5. ಖಾಲಿ ಹೊಟ್ಟೆಯ ನಾಜೂಕು ಬೇಡ

ವಿಡಿಯೋ ನೋಡಿ ಊಟ ಬಿಡುವ ಹುಡುಗಿಯರಿದ್ದಾರೆ. ತಿಲ್ಲಾನದ ನಡುವೆ ಕಣ್ಣು ಕತ್ತಲಾಗಿ ಕೂತವರನ್ನು ಎತ್ತಿದ್ದೇನೆ. ಬಸ್ಸಿಳಿದು ಬರುವವರಿಗೆ ಮೊದಲು ಶೇಂಗಾ ಚಿಕ್ಕಿ, ಆಮೇಲೆ ಗೆಜ್ಜೆ. ರಕ್ತ ಕಡಿಮೆ ಇದ್ದಂತೆ ಕಂಡರೆ ಹಿಮೋಗ್ಲೋಬಿನ್ ಪರೀಕ್ಷೆಗೆ ಕಳಿಸುತ್ತೇನೆ. ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ ತಿಂದ ಮೈ ‘ವರ್ಣ’ ಎಂಬ ದೀರ್ಘ ನೃತ್ಯದ ಅರ್ಧ ತಾಸು ತಡೆಯುತ್ತದೆ.

6. ಸರ್ಟಿಫಿಕೇಟು ಮೆಟ್ಟಿಲು, ಮನೆಯಲ್ಲ

ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗಿನ ಸಾಲೂ ಇದೆ. ಕೆಲಸ, ಓದು ನಡೆಸುತ್ತಲೇ ಕಟ್ಟಬಹುದಾದ್ದರಿಂದ ನಮ್ಮಂಥ ಊರುಗಳಿಗೆ ಇವು ದೊಡ್ಡ ಆಸರೆ. ಆದರೆ ಒಮ್ಮೆ ಪಾಲಕರ ಒತ್ತಾಯಕ್ಕೆ ಇಬ್ಬರನ್ನು ಅವಸರದಲ್ಲಿ ಕೂರಿಸಿದೆ. ಪಾಸಾದರು. ಮುಂದೆ ಬೇರೆ ಗುರುಗಳ ಬಳಿ ಹೋದಾಗ ಮತ್ತೆ ಮೊದಲ ಪಾಠವಾದ ತಟ್ಟಡವಿನಿಂದಲೇ ಶುರು ಮಾಡಬೇಕಾಯಿತು. ಕಾಗದ ಅವರದಾಗಿತ್ತು, ಕಾಲು ಇನ್ನೂ ಆಗಿರಲಿಲ್ಲ.

7. ಈ ಊರಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದಕ್ಕೆ ಅಳಬಾರದು

ಗದಗಿನಲ್ಲಿ ಬ್ಯಾಲೆ ಸ್ಟುಡಿಯೋ ಇಲ್ಲ, ಆದರೆ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಆ ಅಂಗಳದಲ್ಲಿ ಕೂತು ಒಂದು ತಾಸು ತಬಲಾ ಕೇಳಿದ ಹುಡುಗಿಗೆ ಲಯವೆಂದರೆ ಪೆನ್ ಡ್ರೈವಿನಿಂದ ಬರುವ ವಸ್ತುವಲ್ಲ ಎಂದು ತಿಳಿಯುತ್ತದೆ. ಲಕ್ಕುಂಡಿ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ವರ್ಷಕ್ಕೊಮ್ಮೆ ಕರೆದೊಯ್ಯುತ್ತೇನೆ, ಕಲ್ಲಿನ ಮೈಯಲ್ಲಿ ಸೊಂಟ ಎಲ್ಲಿ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ ಎಂದು ನೋಡಲಿಕ್ಕೆ. ತಾಂಡಾದಿಂದ ಬರುವ ಲಂಬಾಣಿ ಹುಡುಗಿಯರು ಸುತ್ತುತ್ತ ಬಗ್ಗಿ ಏಳುವಾಗಿನ ಉಸಿರಿನ ಹದವನ್ನು ನಾನೇ ಅವರಿಂದ ಕಲಿತೆ. ದೊಡ್ಡಾಟದವರ ಹೆಜ್ಜೆಯ ಗತ್ತು ನನ್ನ ನೃತ್ಯರೂಪಕಗಳ ರಾಕ್ಷಸರಿಗೆ ಬಂದಿದೆ.

ಗಾಯಕ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಅರಸಿ ಗದಗಿನ ಮನೆ ಬಿಟ್ಟರು. ಉತ್ತರ ಭಾರತವೆಲ್ಲ ತಿರುಗಿದ ಮೇಲೆ ಸಿಕ್ಕ ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ, ಲಕ್ಷ್ಮೇಶ್ವರದ ನೆರೆಯಲ್ಲಿ. ಹೊರಗೆ ಹೋಗಬೇಡಿ ಎಂದಲ್ಲ. ಹೋಗುವ ಮೊದಲು ಪಕ್ಕದ ಊರನ್ನೂ ನೋಡಿ ಎಂದು.

8. ಹೊಟ್ಟೆಯ ಪ್ರಶ್ನೆಗೆ ಸುಳ್ಳು ಹೇಳಬಾರದು

ವೇದಿಕೆಯ ಸಂಭಾವನೆಯಿಂದಲೇ ಬದುಕುವವರು ವಿರಳ. ನನ್ನ ಶಿಷ್ಯರಲ್ಲಿ ನೃತ್ಯದಿಂದ ಉಣ್ಣುವವರು ಶಾಲೆಯಲ್ಲಿ ಕಲಿಸುತ್ತಾರೆ, ಮನೆಯಲ್ಲಿ ಕ್ಲಾಸು ನಡೆಸುತ್ತಾರೆ, ಡಿಸೆಂಬರ್-ಜನವರಿಯ ಗ್ಯಾದರಿಂಗ್ ಸೀಸನ್ನಿನಲ್ಲಿ ನೃತ್ಯ ಸಂಯೋಜಿಸುತ್ತಾರೆ, ಒಬ್ಬ ನಾಟಕಕ್ಕೆ ಹೋದ. ಎಲ್ಲವನ್ನೂ ಕೂಡಿಸಿದರೆ ಸಂಸಾರ ಸಾಗುತ್ತದೆ.

ಪಿಯುಸಿ ಆದ ಮೇಲೂ ಹಟ ಉಳಿದರೆ ದಾರಿಗಳಿವೆ. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದ ಪದವಿ, ಚೆನ್ನೈ ಕಲಾಕ್ಷೇತ್ರದ 4 ವರ್ಷದ ಡಿಪ್ಲೊಮಾ, ರಂಗಭೂಮಿಯ ಕಡೆ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ. 18ರಿಂದ 25 ವರ್ಷದವರಿಗೆ ಕೇಂದ್ರ ಸರ್ಕಾರದ ಯುವ ಕಲಾವಿದರ ಶಿಷ್ಯವೇತನವಿದೆ, ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ. ಪಾರ್ಟ್ ಟೈಮ್ ಕಲಿಕೆ ಈ ಬಾಗಿಲುಗಳ ಮುಂದೆ ನಿಲ್ಲಲು ಬೇಕಾದ ಮೈಯನ್ನು, ‘ನಿಜವಾಗಿ ಬೇಕೇ?’ ಎಂಬುದಕ್ಕೆ ಉತ್ತರವನ್ನು ಕೊಡುತ್ತದೆ. ಬೇಡ ಎಂಬ ಉತ್ತರ ಬಂದರೂ ಪಿಯುಸಿ ಜೊತೆ ಕಲಿತ ಎರಡು ವರ್ಷ ವ್ಯರ್ಥವಲ್ಲ.

ಆ ತಾಯಿಗೂ ಮುಂದಿನ ಭಾನುವಾರ ಇದನ್ನೇ ಹೇಳಿದೆ. ‘ಅರ್ಧ ಹೊಟ್ಟಿ ಅಂದ್ರಿ’ ಎಂದು ನಕ್ಕರು, ಆದರೂ ಮಗಳನ್ನು ಸೇರಿಸಿದರು. ಮೊನ್ನೆ ಅವಳ ನೋಟ್‌ಬುಕ್ ತೆರೆದಾಗ ಒಂದು ಪುಟದಲ್ಲಿ ಮಗಳ ಅಕ್ಷರ ಇರಲಿಲ್ಲ. ಅಷ್ಟಾಗಿ ಬರೆದು ರೂಢಿಯಿಲ್ಲದ, ಬೇರೊಂದು ಕೈಯ ಸಾಲಿತ್ತು: ‘ಇವತ್ತ ಜ್ವರ. ಕುಣಿದಿಲ್ಲ. ಹಾಸಿಗ್ಯಾಗ ಕುಂತು ತಾಳ ಹಾಕ್ಯಾಳ, 15 ನಿಮಿಷ.’