ಎಳೆಯುವ ಎಂಜಿನ್ ತಣ್ಣಗಿದ್ದರೆ

ತಮ್ಮಾ, ಕಬ್ಬಿನ ಹಂಗಾಮು ಶುರುವಾಯಿತು. ಇನ್ನು ಬಿಸಿಲು ತಲೆಗೇರುವವರೆಗೆ ನಿನ್ನ ಗಾಡಿಗೆ ಬಿಡುವಿಲ್ಲ. ಮಹಾಲಿಂಗಪುರದ ಕಡೆಯಿಂದಲೋ ಮುಧೋಳದ ಕಡೆಯಿಂದಲೋ ಹೇರಿಕೊಂಡು ಸಮೀರವಾಡಿ ಕಾರ್ಖಾನೆಗೆ ಬರಬೇಕು, ಪಾಳಿ ಹಚ್ಚಬೇಕು, ಕಾಟಾ ಮಾಡಿಸಿ ಖಾಲಿ ಮಾಡಿ ಮತ್ತೆ ಹೊಲದ ದಾರಿ ಹಿಡಿಯಬೇಕು. ಈ ಓಡಾಟದಲ್ಲಿ ಎಂಜಿನ್ ಕಾದರೆ ಎಲ್ಲರೂ ಗಾಬರಿ ಬೀಳುತ್ತಾರೆ. ತಣ್ಣಗಿದ್ದರೆ ಒಳ್ಳೆಯದೇ ಆಯಿತು ಎಂದು ಸುಮ್ಮನಾಗುತ್ತಾರೆ. ನೀನು ಸುಮ್ಮನಾಗಬೇಡ. ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗಲೂ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿದ್ದರೆ ಅದು ರೋಗದ ಗುರುತು.

ಪಾಳಿಯಲ್ಲಿ ನಿಂತು ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ, ಅದರಲ್ಲೂ ಚಳಿಗಾಲದ ಬೆಳಗಿನ ಜಾವ, ಮುಳ್ಳು ಸ್ವಲ್ಪ ಇಳಿದರೆ ಚಿಂತೆಯಿಲ್ಲ. ಡೀಸೆಲ್ ಎಂಜಿನ್ ಖಾಲಿ ತಿರುಗುವಾಗ ಸುಡುವ ಎಣ್ಣೆಯೇ ಕಡಿಮೆ, ಹುಟ್ಟುವ ಶಾಖವೂ ಕಡಿಮೆ. ಭಾರ ಬಿದ್ದ ಮೇಲೆ ಹಾಗಲ್ಲ. ಎಣ್ಣೆ ಹೆಚ್ಚು ಸುಡುತ್ತದೆ, ನೀರು 80ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿ ಅಲ್ಲೇ ನಿಲ್ಲಬೇಕು. ಅರ್ಧ ತಾಸು ಎಳೆದರೂ ಏರದಿದ್ದರೆ ಕಾರಣ ಹುಡುಕಲೇಬೇಕು.

ಹೆಚ್ಚಿನ ಸಲ ತಪ್ಪಿತಸ್ಥ ಥರ್ಮೋಸ್ಟಾಟ್, ಗ್ಯಾರೇಜಿನವರ ಮಾತಿನಲ್ಲಿ ಥರ್ಮೋಸ್ಟಾಟ್ ವಾಲ್. ಅದು ಕಾಲುವೆಯ ತೂಬಿದ್ದಂತೆ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ. ಒಳಗಿನ ಮೇಣ ಕಾದು ಹಿಗ್ಗಿದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಕಸ ಸಿಕ್ಕಿಯೋ ಸ್ಪ್ರಿಂಗ್ ಸೋತೋ ತೆರೆದೇ ಉಳಿದರೆ, ಸ್ಟಾರ್ಟ್ ಮಾಡಿದ ಗಳಿಗೆಯಿಂದಲೇ ನೀರು ರೇಡಿಯೇಟರಿಗೆ ಹೋಗಿ ತಣಿದು ಬರುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಕಬ್ಬಿನ ಹೊಲದ ರವದಿ, ಧೂಳು ರೇಡಿಯೇಟರಿನ ಜಾಲಿಗೆ ಮೆತ್ತಿಕೊಂಡು ಗಾಡಿ ಕಾಯುತ್ತದೆ. ಜಾಲಿ ತೊಳೆಯುವ ಬದಲು ವಾಲನ್ನೇ ಕಿತ್ತೆಸೆಯುವವರಿದ್ದಾರೆ. ಇದು ಬಹಳ ಕೆಟ್ಟ ರೂಢಿ. ಖಾಲಿ ಗಾಡಿಯಲ್ಲಿ ಎಂಜಿನ್ ತಣ್ಣಗಾಗುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ವಾಲ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ. ಒಂದಷ್ಟು ನೀರು ರೇಡಿಯೇಟರ್ ಮುಟ್ಟದೆ ತಿರುಗಿ ಬಂದು, ಭಾರದಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ತಣ್ಣಗಿನ ಎಂಜಿನ್ ಒಳಗೊಳಗೇ ಸವೆಯುತ್ತದೆ. ಡೀಸೆಲ್ ಪೂರ್ತಿ ಸುಡದೆ ಬಿಳಿ ಹೊಗೆ ಬರುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಸುಡದೆ ಉಳಿದದ್ದು ಲೈನರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಬೆರೆತು ಅದನ್ನು ತೆಳ್ಳಗೆ ಮಾಡುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರುತ್ತಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ ತಡಮಾಡಬೇಡ. ಹಬೆ ನೀರಾಗಿ ಆಯಿಲ್‌ನಲ್ಲಿ ಕೆಸರು ಕಟ್ಟುತ್ತದೆ, ರಿಂಗ್, ಲೈನರ್ ಬೇಗ ಸವೆಯುತ್ತವೆ. 2020ರ ಏಪ್ರಿಲ್ 1ರ ನಂತರದ ಬಿಎಸ್6 ಲಾರಿಯಾದರೆ ಇನ್ನೊಂದು ತಾಪತ್ರಯ: ಎಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಸೈಲೆನ್ಸರ್ ದಾರಿಯ ಫಿಲ್ಟರ್ ತನ್ನ ಮಸಿಯನ್ನು ಸುಟ್ಟುಕೊಳ್ಳಲಾರದು. ಅದು ಕಟ್ಟಿಕೊಂಡರೆ ಎಳೆತವೇ ಬೀಳುತ್ತದೆ.

ಈಗ ಪರೀಕ್ಷೆಯ ಮಾತು. ಸಾಮಾನು ಕೊಳ್ಳುವ ಮೊದಲು ಈ ಕ್ರಮದಲ್ಲೇ ನೋಡು.

ಮೊದಲು ನೀರಿನ ಮಟ್ಟ. ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಕ್ಯಾಪ್ ತೆಗೆ. ಬಿಸಿಯಿದ್ದಾಗ ತೆಗೆದರೆ ಹಬೆ ಮುಖಕ್ಕೇ ಹಾರುತ್ತದೆ. ಮಟ್ಟ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೆ ಒಳಗೆ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ತೋರಿಸಬಹುದು. ಎಲ್ಲಕ್ಕಿಂತ ಅಪಾಯ ಇದು.

ಎರಡನೆಯದು ಮುಳ್ಳಿನ ಮಾತು ನಿಜವೋ ಎಂದು ನೋಡುವುದು. ಬಹಳ ಗಾಡಿಗಳಲ್ಲಿ ಸೆನ್ಸರಿನ ವೈರ್ ಕಡಿದರೆ ಮುಳ್ಳು ಮೇಲೇಳುವುದೇ ಇಲ್ಲ. ಭಾರ ಎಳೆದು ಬಂದ ಕೂಡಲೇ ಥರ್ಮೋಸ್ಟಾಟ್ ಕೂತಿರುವ ಹೌಸಿಂಗ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿ. ಅದು 80ರ ಸುತ್ತ ತೋರಿಸಿ ಮುಳ್ಳು ಕೆಳಗಿದ್ದರೆ ಎಂಜಿನ್ ಸರಿಯಿದೆ, ಸೆನ್ಸರ್, ವೈರ್, ಮೀಟರ್ ನೋಡಿಸು. ಎರಡೂ ಕಡಿಮೆ ಇದ್ದರೆ ಮುಂದೆ ಹೋಗು.

ಮೂರನೆಯದು ಮೇಲಿನ ಹೋಸ್ ಪೈಪು. ರಾತ್ರಿಯೆಲ್ಲ ಆರಿದ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನು, ಬೆಲ್ಟಿನಿಂದ ಕೈ ದೂರವಿಟ್ಟು ಆ ಪೈಪು ಮುಟ್ಟಿ ನೋಡು. ವಾಲ್ ಸರಿಯಿದ್ದರೆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಎಂಜಿನ್ ಜೊತೆಗೆ ನಿಧಾನ ಬೆಚ್ಚಗಾಗುತ್ತಾ ಹೋದರೆ ವಾಲ್ ತೆರೆದೇ ಇದೆ, ಇಲ್ಲವೇ ಒಳಗೆ ವಾಲೇ ಇಲ್ಲ.

ಕೊನೆಗೆ ವಾಲ್ ಬಿಚ್ಚಿಸಿ ನೋಡು. ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ದಾರಕ್ಕೆ ಕಟ್ಟಿ ಇಳಿಬಿಡು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸು. ವಾಲಿನ ಮೇಲೆ 82ರಂಥ ಒಂದು ಸಂಖ್ಯೆ ಒತ್ತಿರುತ್ತದೆ. ನೀರು ಆ ಡಿಗ್ರಿ ಮುಟ್ಟುವ ಹೊತ್ತಿಗೆ ಬಾಯಿ ಬಿಡಬೇಕು, ಆರಿದಾಗ ಪೂರ್ತಿ ಮುಚ್ಚಬೇಕು. ತಣ್ಣೀರಿನಲ್ಲೇ ಬಾಯಿ ತೆರೆದಿದ್ದರೆ ಬದಲಾಯಿಸು.

ಲಾರಿಯ ಫ್ಯಾನ್ ಕ್ಲಚ್ ಬಿಗಿದು ಫ್ಯಾನು ಸದಾ ಮೊರೆಯುತ್ತಿದ್ದರೆ ಅದನ್ನೂ ಸರಿಪಡಿಸು. ಆದರೆ ವಾಲ್ ಮುಚ್ಚಿರುವವರೆಗೆ ಫ್ಯಾನಿನ ಗಾಳಿ ತಣಿಸುವುದು ರೇಡಿಯೇಟರಿನಲ್ಲಿ ನಿಂತ ನೀರನ್ನು ಮಾತ್ರ. ಆದ್ದರಿಂದ ಎಲ್ಲ ತಪ್ಪನ್ನೂ ಫ್ಯಾನಿನ ಮೇಲೆ ಹಾಕಬೇಡ. ರೇಡಿಯೇಟರಿಗೆ ಗೋಣಿಚೀಲ ಕಟ್ಟಿ ಮುಳ್ಳು ಏರಿಸುವ ಉಪಾಯವನ್ನಂತೂ ಮಾಡಲೇಬೇಡ. ಅದರಿಂದ ರೋಗ ಮುಚ್ಚಿಹೋಗುತ್ತದೆ, ಏರಿನಲ್ಲಿ ಎಂಜಿನ್ ಕುದಿಯುತ್ತದೆ.

ಹೊಸ ವಾಲ್ ತರುವಾಗ ನಿನ್ನ ಎಂಜಿನ್‌ಗೆ ಕಂಪನಿ ಹೇಳಿದ ಡಿಗ್ರಿಯದನ್ನೇ ಕೇಳು. ಮೇಣದ ಗುಂಡು ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ತೂತು ಮೇಲಕ್ಕೆ ಬರುವಂತೆ ಕೂರಿಸಬೇಕು, ಗ್ಯಾಸ್ಕೆಟ್ ಹೊಸದಿರಬೇಕು. ಬೋರಿನ ಗಡಸು ನೀರು ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಕೂಲಂಟ್ ಹಾಕಿಸು. ಗಾಳಿ ತೆಗೆದು, ಒಂದು ಖೇಪು ಹೊಡೆದು, ಆರಿದ ಮೇಲೆ ಮಟ್ಟ ಮತ್ತೆ ನೋಡು.

ಯಾರಾದರೂ ವಾಲ್ ತೆಗೆದುಬಿಡೋಣ ಎಂದರೆ ಬೇಡವೆಂದು ಗಟ್ಟಿಯಾಗಿ ಹೇಳು ತಮ್ಮಾ. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಹೊತ್ತು ಬಂದರೆ ಹಂಗಾಮಿನ ದುಡಿಮೆ ಗ್ಯಾರೇಜಿಗೇ ಹೋಗುತ್ತದೆ. ಆ ಖರ್ಚಿನ ಮುಂದೆ ವಾಲಿನ ಬೆಲೆ ಲೆಕ್ಕಕ್ಕೇ ಬಾರದು. ಡೀಸೆಲ್ ಹಾಕಿಸುವಾಗ ದರ ನೋಡುವಷ್ಟೇ ಎಚ್ಚರದಿಂದ, ಎಳೆಯುವಾಗ ಮುಳ್ಳನ್ನೂ ನೋಡುತ್ತಿರು.